ಒಂದು ಮೊಳ ಹಿಂದಕ್ಕೆ

ಮಾರ್ಚ್ 3, ಸೋಮವಾರ

ಇವತ್ತು ರಬ್ಬರ್ ಬಿದ್ದಳು. ಬೀಳುವುದೇ ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ನನ್ನ ಬದಲಿಗೆ ಬೀಳುತ್ತಾ ಬಂದಿದ್ದಾಳೆ: ಮಹಡಿಯಿಂದ, ಕುದುರೆಯಿಂದ, ಓಡುವ ಜೀಪಿನಿಂದ. ಬಿದ್ದ ಮರುಕ್ಷಣ ಪುಟಿದೆದ್ದು ಬಟ್ಟೆ ಕೊಡವಿಕೊಳ್ಳುತ್ತಾಳೆಂದೇ ಸ್ಟುಡಿಯೋದವರೆಲ್ಲ ಅವಳನ್ನು ರಬ್ಬರ್ ಎನ್ನುವುದು. ಇವತ್ತು ಏಳಲಿಲ್ಲ.

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ. ನಾಳೆಯಿಂದ ಬಾಯಿಗೊಂದು ಕಥೆ ಹುಟ್ಟುತ್ತದೆ, ನನಗೆ ಗೊತ್ತು ಈ ಜನ.

ಮೆಟ್ಟಿಲ ಮೇಲಿಂದ ಹಿಮ್ಮುಖವಾಗಿ ಬೀಳುವ ಶಾಟ್. ಕೆಳಗೆ ದಪ್ಪ ನೀಲಿ ಹಾಸಿಗೆ ಹಾಕಿದ್ದರು. ಅದರ ಅಂಚು ಫ್ರೇಮಿನಲ್ಲಿ ಕಾಣುತ್ತಿದೆ ಎಂದು ಕ್ಯಾಮೆರಾದವನು ಕೂಗಿದ. ಪ್ರೊಡಕ್ಷನ್ ಮ್ಯಾನೇಜರ್ ಬಂದು, ಬಗ್ಗಿ, ಎರಡೂ ಕೈಯಿಂದ ಹಾಸಿಗೆಯನ್ನು ಒಂದು ಮೊಳ ಹಿಂದಕ್ಕೆ ಎಳೆದ. ಅಷ್ಟರಲ್ಲಿ ರಬ್ಬರ್ ಮೆಟ್ಟಿಲ ತುದಿಯಲ್ಲಿ ಕೆಳಕ್ಕೆ ಬೆನ್ನು ಮಾಡಿ ನಿಂತಾಗಿತ್ತು. ನನ್ನದೇ ಹಸಿರು ಗೌನು, ನನ್ನದೇ ತಲೆಗಂಟು. ಅವಳಿಗೆ ಯಾರೂ ಹೇಳಲಿಲ್ಲ. ನಾನು ಮೆಟ್ಟಿಲಿಗೆ ಎದುರಾಗಿ, ಹತ್ತು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಎಲ್ಲವನ್ನೂ ಕಣ್ಣಾರೆ ಕಂಡೆ. ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ "ಆ್ಯಕ್ಷನ್" ಎಂದರು. ಸಮಯವೇ ಸಿಗಲಿಲ್ಲ.

ಸೊಂಟದ ಮೂಳೆ ಮುರಿದಿದೆ. ಮ್ಯಾನೇಜರ್ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಅವಳನ್ನು ಎತ್ತುವ ಮುಂಚೆ ಹಾಸಿಗೆಯನ್ನು ಮತ್ತೆ ಮುಂದಕ್ಕೆ ತಳ್ಳಿದ.

ಮಾರ್ಚ್ 4, ಮಂಗಳವಾರ

ಕಂಪನಿಯವರು ಪತ್ರಿಕೆಗೆ ಹೇಳಿಕೆ ಕೊಟ್ಟಿದ್ದಾರೆ. ಡ್ಯೂಪ್ ಕಲಾವಿದೆ ಮಾತ್ರೆ ನುಂಗಿ ಮಂಪರಿನಲ್ಲಿದ್ದರಂತೆ, ಗುರಿ ತಪ್ಪಿ ತಾವೇ ಬಿದ್ದರಂತೆ. ಓದಿ ಮೈ ಉರಿದುಹೋಯಿತು. ಅದು ತಲೆನೋವಿನ ಮಾತ್ರೆ. ಬೆಳಿಗ್ಗೆ ನನ್ನ ಚೀಲದಿಂದ ತೆಗೆದು ನಾನೇ ಕೊಟ್ಟದ್ದು.

ಆ ವಿಷಯ ಗೊತ್ತಿದ್ದದ್ದು ಮೂರೇ ಜನಕ್ಕೆ. ನಾನು ಯಾರಿಗೂ ಹೇಳಿಲ್ಲ. ರಬ್ಬರ್ ಹೇಳುವ ಸ್ಥಿತಿಯಲ್ಲಿರಲಿಲ್ಲ. ಉಳಿದವಳು ನನ್ನ ತಂಗಿ. ಹನ್ನೆರಡು ವರ್ಷದಿಂದ ನನ್ನ ಜೊತೆಗೇ ಇದ್ದಾಳೆ. ನನ್ನ ಫೋನು, ಶೂಟಿಂಗ್ ಡೇಟು, ಬಟ್ಟೆ, ಬಿ.ಪಿ. ಎಲ್ಲ ಅವಳ ಕೈಯಲ್ಲಿ. ಒಬ್ಬರ ಕೈಗೆ ಅಷ್ಟೊಂದು ಕೊಡಬಾರದಿತ್ತೇನೋ.

ನಮ್ಮ ಕಲಾವಿದೆಯರ ಸಂಘದ ಕಚೇರಿಗೆ ಹೋಗಿ, ಅಧ್ಯಕ್ಷೆಯಾಗಿ ನಾನೇ ವಿಚಾರಣೆಗೆ ಅರ್ಜಿ ಬರೆದೆ. ಏಳು ಜನ ಹೆಂಗಸರು ಸೇರಿ ಇಪ್ಪತ್ತಾರು ವರ್ಷದ ಹಿಂದೆ ಕಟ್ಟಿದ ಸಂಘ ಇದು. ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಬೇಕು ಎಂಬ ಒಂದೇ ಒಂದು ಬೇಡಿಕೆಗೆ. ಆಮೇಲೆ ಒಂದೊಂದೇ ಗೆದ್ದೆವು. ಗಂಡಸರು ವಿಗ್ ಹಾಕಿಕೊಂಡು ನಮ್ಮ ಪರವಾಗಿ ಬೀಳುವುದನ್ನು ನಿಲ್ಲಿಸಿ, ಆ ಕೆಲಸ ಹೆಂಗಸರಿಗೇ ಕೊಡಿಸಲು ಆರು ವರ್ಷ ಹಿಡಿಯಿತು. ಆ ಕೆಲಸದ ಮೊದಲ ಪರವಾನಗಿ ಕಾರ್ಡ್ ಸಿಕ್ಕಿದ್ದು ರಬ್ಬರ್‌ಗೆ. ಈಗ ತಪ್ಪು ಅವಳದೇ ಎಂದಾದರೆ ಆ ಕಾರ್ಡು ರದ್ದು, ಚಿಕಿತ್ಸೆಗೆ ಕಂಪನಿ ಕೈತೊಳೆದುಕೊಳ್ಳುತ್ತದೆ, ವಿಗ್ಗುಗಳು ಮತ್ತೆ ಪೆಟ್ಟಿಗೆಯಿಂದ ಎದ್ದು ಬರುತ್ತವೆ.

ಚಿತ್ರರಂಗದ ಎಲ್ಲ ಸಂಘಗಳ ಒಕ್ಕೂಟದವರು ಮೂವರ ಸಮಿತಿ ಮಾಡಿದ್ದಾರೆ. ಏಪ್ರಿಲ್ ಎರಡಕ್ಕೆ ವಿಚಾರಣೆ. ಸಾಕ್ಷಿ ನಾನು. ನೋಡಿಯೇಬಿಡೋಣ.

ಮಾರ್ಚ್ 6, ಗುರುವಾರ

ಆಸ್ಪತ್ರೆಗೆ ಹೋಗಿದ್ದೆ. ಆಪರೇಷನ್ ಆಗಿದೆ. ಕಾಲಿಗೆ ತೂಕ ಕಟ್ಟಿ ನೇತುಹಾಕಿದ್ದರೂ ನನ್ನನ್ನು ಕಂಡು ನಕ್ಕಳು.

"ಅಕ್ಕ, ನೋಡಿ, ನಿಮ್ಮ ಸೊಂಟಕ್ಕೆ ಏನೂ ಆಗಿಲ್ಲ ತಾನೇ? ಹಾಗಾದ್ರೆ ನನ್ನ ಕೆಲಸ ಸರಿಯಾಗೇ ಮಾಡಿದೀನಿ."

"ಸುಮ್ನಿರೆ. ನಾನು ಎಲ್ಲಾ ನೋಡಿದೀನಿ. ಹೇಳ್ತೀನಿ."

"ಹಾಸಿಗೆ ಎಳೆದ್ರಾ?"

"ಎಳೆದ್ರು."

ಅವಳು ಕಣ್ಣು ಮುಚ್ಚಿಕೊಂಡಳು. "ನನ್ನ ಲೆಕ್ಕ ತಪ್ಪಲಿಲ್ಲ ಹಾಗಾದ್ರೆ" ಎಂದಳು. ಬೇರೆ ಏನೂ ಕೇಳಲಿಲ್ಲ.

ಅವಳನ್ನು ಇಟ್ಟಿರುವುದು ಪ್ರತ್ಯೇಕ ಕೋಣೆಯಲ್ಲಿ. ಕಿಟಕಿಯ ಹತ್ತಿರ ಒಂದು ದೊಡ್ಡ ಹಣ್ಣಿನ ಬುಟ್ಟಿ, ಕಳಿಸಿದವರ ಹೆಸರಿಲ್ಲ. ಕೋಣೆ ಯಾರು ಕೊಡಿಸಿದರು ಎಂದು ಕೇಳಿದೆ. "ಮ್ಯಾನೇಜರ್ ಸಾರ್" ಎಂದಳು, ಅದರಲ್ಲೇನು ಎನ್ನುವ ಹಾಗೆ. ಅವನು ಯಾರಿಗಾದರೂ ಒಂದು ಲೋಟ ನೀರು ಕೊಟ್ಟರೂ ಅದಕ್ಕೊಂದು ಕಾರಣ ಇರುತ್ತದೆ.

ಮಾರ್ಚ್ 9, ಭಾನುವಾರ

ಕ್ಯಾಮೆರಾದವನು ಲೆನ್ಸ್ ಒರೆಸುತ್ತಿದ್ದನಂತೆ. ಲೈಟಿನವನು ಮೇಲಿದ್ದನಂತೆ. ನಿರ್ದೇಶಕರು ಹಾಳೆ ನೋಡುತ್ತಿದ್ದರಂತೆ. ನಲವತ್ತು ಜನ ಇದ್ದ ಫ್ಲೋರಿನಲ್ಲಿ ಒಬ್ಬನ ಕಣ್ಣೂ ಮೆಟ್ಟಿಲ ಮೇಲಿರಲಿಲ್ಲ. ಕ್ಯಾಮೆರಾದಲ್ಲಿ ತೆಗೆದದ್ದರಲ್ಲೂ ಏನಿಲ್ಲ, ಫ್ರೇಮಿಗೆ ಕಾಣದಿರಲಿ ಎಂದೇ ಅಲ್ಲವೇ ಎಳೆದದ್ದು. ಎಲ್ಲರ ಬಾಯಿಗೂ ಯಾರು ಬೀಗ ಹಾಕಿದ್ದಾರೆಂದು ಹೇಳಬೇಕಾಗಿಲ್ಲ. ನಿರ್ಮಾಪಕ ಊರಲ್ಲೇ ಇದ್ದಾನೆ, ಆಸ್ಪತ್ರೆಯ ಕಡೆ ಇನ್ನೂ ತಲೆ ಹಾಕಿಲ್ಲ.

ತಂಗಿ ಮಧ್ಯಾಹ್ನ ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದಳು. ನಾನು ಕಾಫಿ ಬೇಕೆಂಬ ನೆಪದಲ್ಲಿ ಬಾಗಿಲು ತೆರೆದೆ. "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟಳು.

"ಯಾರದು?"

"ಯಾರೋ. ನಿನಗೇನಾಗಬೇಕು?"

ನನ್ನ ಫೋನು, ನನ್ನ ಬಾಲ್ಕನಿ, ನನಗೇನಾಗಬೇಕಂತೆ.

ಮಾರ್ಚ್ 13, ಗುರುವಾರ

ಬಂತು. ಬರುತ್ತದೆಂದು ನಾನು ಕಾಯುತ್ತಲೇ ಇದ್ದೆ.

ನಿರ್ಮಾಪಕನೇ ಫೋನ್ ಮಾಡಿದ್ದ. ಹೊಸ ಚಿತ್ರ, ಮುಖ್ಯ ಪಾತ್ರ. ನಾಯಕನ ತಾಯಿಯಲ್ಲ, ನಾಯಕಿಯ ಅತ್ತೆಯಲ್ಲ. ಐವತ್ತನಾಲ್ಕು ವರ್ಷದ ಒಬ್ಬ ರೈಲು ಚಾಲಕಿ. "ಮೇಡಂ, ನಿಮ್ಮನ್ನೇ ಮನಸ್ಸಲ್ಲಿ ಇಟ್ಕೊಂಡು ಬರೆಸಿದ್ದು. ಬೇರೆ ಯಾರೂ ಇಲ್ಲ" ಎಂದ. ಮೂಗಿಗೆ ತುಪ್ಪ ಸವರುವುದರಲ್ಲಿ ಎತ್ತಿದ ಕೈ. ಒಂಬತ್ತು ವರ್ಷದಿಂದ ನಾನು ಅಳುವ ತಾಯಿಯಾಗಿ ಬಾಗಿಲ ಹತ್ತಿರ ನಿಂತಿದ್ದೇನೆ, ಆಗೆಲ್ಲ ಇವನಿಗೆ ರೈಲು ನೆನಪಾಗಲಿಲ್ಲ.

ಆಗುವುದಿಲ್ಲ ಎಂದೆ. ಸ್ಕ್ರಿಪ್ಟ್ ಕಳಿಸುತ್ತೇನೆ, ಓದಿ ಎಸೆದುಬಿಡಿ ಎಂದ. ಸಂಜೆ ಬಂತು. ಇವನ ಕುತಂತ್ರ ಏನೆಂದು ತಿಳಿಯಲಿ ಎಂದಷ್ಟೇ ತೆರೆದೆ. ನೂರಾ ಎಂಟು ಪುಟ. ಎದ್ದಾಗ ಕಾಲು ಜೋಮು ಹಿಡಿದಿತ್ತು.

ಮಾರ್ಚ್ 14, ಶುಕ್ರವಾರ

ಇನ್ನೊಮ್ಮೆ ಓದಿದೆ. ಬರೆದವರು ಯಾರೋ ಚೆನ್ನಾಗಿ ಬರೆದಿದ್ದಾರೆ. ಅದಕ್ಕೂ ನಿರ್ಮಾಪಕನಿಗೂ ಸಂಬಂಧವಿಲ್ಲ.

ಮಾರ್ಚ್ 19, ಬುಧವಾರ

ನಿರ್ಮಾಪಕರನ್ನು ಅವರ ಕಚೇರಿಯಲ್ಲಿ ಭೇಟಿಯಾದೆ. ಸುಮ್ಮನೆ, ಒಲ್ಲೆ ಎನ್ನುವುದನ್ನು ಮುಖದ ಮೇಲೇ ಹೇಳೋಣ ಎಂದು. ಅಪಘಾತದ ಮಾತನ್ನು ಅವರು ಎತ್ತಲೇ ಇಲ್ಲ, ನಾನೇ ಎತ್ತಿದೆ.

"ನೀವು ಕಂಡದ್ದನ್ನ ಹೇಳಿ ಮೇಡಂ" ಎಂದರು. "ಅದರಲ್ಲಿ ಎರಡು ಮಾತಿಲ್ಲ. ಆದರೆ ಖಂಡಿತವಾಗಿ ಕಂಡದ್ದನ್ನ ಮಾತ್ರ ಹೇಳಿ. ಮ್ಯಾನೇಜರ್‌ಗೂ ಹೆಂಡತಿ ಮಕ್ಕಳಿದ್ದಾರೆ."

ಬೆದರಿಕೆ ಇರಬಹುದೆಂದು ಮಾತಿನ ಹಿಂದೆಮುಂದೆ ಎಲ್ಲ ಹುಡುಕಿದೆ. ಸಿಗಲಿಲ್ಲ. ನ್ಯಾಯವಾಗಿಯೇ ಹೇಳಿದರು.

ದಾರಿಯಲ್ಲಿ ಯೋಚಿಸಿದೆ. ಆ ದಿನ ಫ್ಲೋರಿನಲ್ಲಿ ಹೊಗೆ ಬಿಟ್ಟಿದ್ದರು. ನನ್ನ ಕನ್ನಡಕ ಚೀಲದಲ್ಲಿತ್ತು. ಮ್ಯಾನೇಜರ್ ಹಾಸಿಗೆ ಮುಟ್ಟಿದ್ದು ನಿಜ, ಎಳೆದರೋ, ಸರಿಮಾಡಿದರೋ? ಎಳೆದಿದ್ದರೂ ಒಂದು ಗೇಣು ಇದ್ದೀತು. ಸಂಘದ ಅಧ್ಯಕ್ಷೆ ಆದವಳು ಆತುರದಲ್ಲಿ ಒಬ್ಬನ ಅನ್ನಕ್ಕೆ ಕಲ್ಲು ಹಾಕಬಾರದು.

ಸಂಘದ ಕಾರ್ಯದರ್ಶಿ ಎರಡು ಸಲ ಫೋನ್ ಮಾಡಿದ್ದಳು, ಸಾಕ್ಷಿ ಹೇಳಿಕೆ ಬರೆದು ಕೊಡಿ ಎಂದು. ಇಷ್ಟೊಂದು ಅವಸರ ಯಾಕೆ? ನನ್ನ ಕುರ್ಚಿಯ ಮೇಲೆ ಅವಳಿಗೆ ಕಣ್ಣಿರುವುದು ಇವತ್ತಿನ ವಿಷಯವಲ್ಲ.

ಮಾರ್ಚ್ 22, ಶನಿವಾರ

ನನ್ನ ಗುಮಾನಿ ಸುಳ್ಳಾಗಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ನನ್ನನ್ನು ತಡೆದು, "ನಿಮ್ಮ ತಂಗಿಯವರು ಈಗಷ್ಟೇ ಹೋದ್ರು. ದಿನಾ ಬರ್ತಾರಲ್ಲ, ಪಾಪ, ತಲೆಸ್ನಾನ ಮಾಡಿಸಿ ಜಡೆ ಹಾಕಿ ಹೋಗ್ತಾರೆ" ಎಂದಳು.

ದಿನಾ! ಮನೆಯಲ್ಲಿ ಒಂದು ಮಾತಿಲ್ಲ. ತರಕಾರಿಗೆಂದು ಹೋಗುವವಳು ಇಲ್ಲಿಗೆ ಬರುತ್ತಾಳೆ. ಇಬ್ಬರೂ ಕೂತು ಏನು ಮಾತಾಡಿಕೊಳ್ಳುತ್ತಾರೆ?

ರಬ್ಬರ್‌ಗೆ ರೈಲಿನ ಪಾತ್ರದ ವಿಷಯ ಹೇಳಿದೆ. ಇನ್ನೂ ಒಪ್ಪಿಲ್ಲ ಎಂದೂ ಹೇಳಿದೆ. ಆಕೆ ನನ್ನ ಮುಖ ನೋಡಲಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದಳು. "ಅಕ್ಕ, ನೀವು ಸಾಕ್ಷಿಗೆ ಬರಬೇಡಿ" ಎಂದಳು.

"ಯಾಕೆ?"

"ಬೇಡ ಅಷ್ಟೇ. ನಾನು ನೋಡ್ಕೋತೀನಿ."

ಹೀಗೆ ಹೇಳಿಸಿದ್ದು ಯಾರು? ಪ್ರತ್ಯೇಕ ಕೋಣೆ, ಹಣ್ಣಿನ ಬುಟ್ಟಿ, ಈಗ ಇದು. ಆಕೆ ಒಳಗೊಳಗೇ ರಾಜಿಯಾಗಿದ್ದರೆ, ನಾನೊಬ್ಬಳು ಎದೆ ಸೆಟೆಸಿ ನಿಂತು ಕೋತಿಯಾಗಬೇಕೇ? ಹತ್ತೊಂಬತ್ತು ವರ್ಷ. ಯಾರನ್ನೂ ನಂಬುವ ಹಾಗಿಲ್ಲ.

ಮನೆಗೆ ಬಂದು ನಿರ್ಮಾಪಕರಿಗೆ ಒಪ್ಪಿಗೆ ತಿಳಿಸಿದೆ. ಎರಡಕ್ಕೂ ಸಂಬಂಧವಿಲ್ಲ, ಇದು ಬೇರೆ ವಿಷಯ.

ಮಾರ್ಚ್ 23, ಭಾನುವಾರ

ತಂಗಿಯ ಜೊತೆ ಜಗಳ. ಮಾತ್ರೆಯ ವಿಷಯ ಮ್ಯಾನೇಜರ್ ಕಿವಿಗೆ ಹಾಕಿದ್ದು ನೀನೇ ತಾನೇ ಎಂದು ನೇರವಾಗಿ ಕೇಳಿದೆ. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

"ಅಕ್ಕ, ನಿನಗೆ ತಲೆ ಕೆಟ್ಟಿದೆಯಾ? ಅವತ್ತು ನಾಷ್ಟಾ ಹೊತ್ತಲ್ಲಿ ಮ್ಯಾನೇಜರ್ ಹತ್ರ ತಲೆನೋವಿನ ಮಾತ್ರೆ ಕೇಳಿದ್ದು ಯಾರು? 'ನನ್ನ ಹತ್ರ ಇದ್ದ ಕೊನೇದನ್ನ ರಬ್ಬರ್‌ಗೆ ಕೊಟ್ಟುಬಿಟ್ಟೆ' ಅಂದೋರು ಯಾರು? ನಾನು ಪಕ್ಕದಲ್ಲೇ ನಿಂತಿದ್ದೆ."

ನಾನು ಹಾಗೆ ಹೇಳಿದ ನೆನಪಿಲ್ಲ. ಇವಳು ಕಥೆ ಕಟ್ಟುವುದರಲ್ಲಿ ಚಿಕ್ಕಂದಿನಿಂದಲೂ ಜಾಣೆ.

"ಮತ್ತೆ ಕದ್ದು ಕದ್ದು ಆಸ್ಪತ್ರೆಗೆ ಯಾಕೆ ಹೋಗ್ತೀಯ?"

"ಕದ್ದು ಹೋಗಿಲ್ಲ. ನೀನು ಕೇಳಲಿಲ್ಲ. ಈ ಇಪ್ಪತ್ತು ದಿನದಲ್ಲಿ ನೀನು ಅವಳ ವಿಷಯ ಒಂದು ಸಲನಾದ್ರೂ ನನ್ನ ಹತ್ರ ಮಾತಾಡಿದ್ದೀಯ?"

ಮಾತಾಡಿಲ್ಲವೇ? ನನ್ನ ತಲೆಯಲ್ಲಿ ಇರುವುದೆಲ್ಲ ಅದೇ.

ಮಾರ್ಚ್ 27, ಗುರುವಾರ

ಬಟ್ಟೆಯ ಅಳತೆ, ಮುಖದ ಟೆಸ್ಟ್. ನೀಲಿ ಕೋಟು, ಕೈಗವಸು, ಕೂದಲಿಗೆ ಬಣ್ಣ ಹಾಕುವುದಿಲ್ಲ ಎಂದಿದ್ದಾರೆ. ನಿಜವಾದ ಎಂಜಿನ್ನಿನೊಳಗೆ ನಿಲ್ಲಿಸಿದರು. ಹಿಡಿ ತಳ್ಳಿದಾಗ ಕಾಲಡಿಯ ಕಬ್ಬಿಣವೆಲ್ಲ ನಡುಗಿ, ಆ ನಡುಕ ಎದೆಯವರೆಗೂ ಬಂತು. ಮೂವತ್ತೊಂದು ವರ್ಷದಲ್ಲಿ ಯಾರೂ ನನ್ನ ಕೈಗೆ ಇಷ್ಟು ಭಾರವಾದದ್ದನ್ನು ಕೊಟ್ಟಿರಲಿಲ್ಲ.

ಮ್ಯಾನೇಜರ್ ಬಂದು ಮಾತಾಡಿಸಿದರು. ರೈಲಿನಿಂದ ಧುಮುಕುವ ಶಾಟಿಗೆ ಡ್ಯೂಪ್ ಯಾರು ಎಂದು ಕೇಳಿದೆ. "ನಮ್ಮ ಫೈಟರ್ ಒಬ್ಬರು ವಿಗ್ ಹಾಕ್ಕೊಂಡು ಮಾಡಿಬಿಡ್ತಾರೆ ಮೇಡಂ. ಸದ್ಯಕ್ಕೆ ಹೆಂಗಸರನ್ನ ಹತ್ತಿಸೋಕೆ ಎಲ್ರಿಗೂ ಭಯ" ಎಂದರು. ಸದ್ಯಕ್ಕೆ ತಾನೇ. ಒಂದು ಶಾಟಿಗಾಗಿ ಗಲಾಟೆ ಎಬ್ಬಿಸುವ ಹೊತ್ತಲ್ಲ ಇದು.

ಏಪ್ರಿಲ್ ಎರಡಕ್ಕೆ ಏನು ಹೇಳಬೇಕೆಂದು ಬರೆದುಕೊಂಡೆ. ಮಾತ್ರೆ ಕೊಟ್ಟದ್ದು ನಾನು, ಅದು ಬರೀ ತಲೆನೋವಿನದು ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಅಷ್ಟಾದರೆ ರಬ್ಬರ್‌ಗೆ ಬಂದ ಕೆಟ್ಟ ಹೆಸರು ಹೋಗುತ್ತದೆ. ಹಾಸಿಗೆಯ ವಿಷಯ ನಾನು ಕೂತ ಜಾಗದಿಂದ ಸ್ಪಷ್ಟವಾಗಿ ಕಾಣುವಂತಿರಲಿಲ್ಲ.

ಏಪ್ರಿಲ್ 1, ಮಂಗಳವಾರ

ರಾತ್ರಿ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ತಂಗಿ ಮಾಡಿದ ಅಡುಗೆಯ ಮೇಲೇ ಅನುಮಾನ.

ಏಪ್ರಿಲ್ 2, ಬುಧವಾರ

ಒಕ್ಕೂಟದ ಕಚೇರಿಯ ಮೇಲಿನ ಕೋಣೆ. ಉದ್ದನೆಯ ಮೇಜು. ಸಮಿತಿಯ ಹಿರಿಯರು ನಿವೃತ್ತ ಸಂಕಲನಕಾರರು. ಮಾತು ಕಡಿಮೆ, ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವವರು. ರಬ್ಬರ್‌ಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದವಳು ನನ್ನ ತಂಗಿ. ಮನೆಯಲ್ಲಿ ಒಂದು ಮಾತು ಹೇಳಿರಲಿಲ್ಲ.

ಮ್ಯಾನೇಜರ್ ಮೊದಲು ಮಾತಾಡಿದ. ಮಾತ್ರೆ, ಮಂಪರು, ಹಾಸಿಗೆ ಇದ್ದಲ್ಲೇ ಇತ್ತು. ಆಮೇಲೆ ನಾನು. ಮಾತ್ರೆಯ ವಿಷಯ ಬರೆದುಕೊಂಡು ಹೋದ ಹಾಗೇ ಹೇಳಿದೆ.

ಹಿರಿಯರು ಪೆನ್ಸಿಲ್ ಎತ್ತಿ ಕೇಳಿದರು. "ಹಾಸಿಗೆಯನ್ನ ಯಾರಾದ್ರೂ ಕದಲಿಸಿದ್ದು ನೀವು ನೋಡಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಗಾಲಿಕುರ್ಚಿಯಿಂದ ದನಿ ಬಂತು. "ಅಕ್ಕ ನೋಡಿಲ್ಲ ಸಾರ್. ಅವರು ಆ ಕಡೆ ತಿರುಗಿ ಕೂತಿದ್ರು, ಮೇಕಪ್ ಕನ್ನಡಿ ನೋಡ್ಕೊಂಡು. ನಾನು ಮೇಲೆ ನಿಂತು ನೋಡಿದೀನಿ. ಅವರನ್ನ ಕೇಳಬೇಡಿ."

ನಾನು ರಬ್ಬರ್ ಕಡೆ ನೋಡಿದೆ. ಅವಳು ಮೇಜಿನ ಅಂಚು ನೋಡುತ್ತಿದ್ದಳು. ನಾನು ಕನ್ನಡಿಯ ಕಡೆ ತಿರುಗಿರಲಿಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತು. ಎಲ್ಲಾ ನೋಡಿದೀನಿ ಎಂದು ಆಸ್ಪತ್ರೆಯಲ್ಲಿ ಅವಳ ಹಾಸಿಗೆಯ ಪಕ್ಕ ನಿಂತು ಹೇಳಿದವಳು ನಾನೇ. ಅವಳಿಗಿದ್ದ ಒಂದೇ ಒಂದು ಸಾಕ್ಷಿಯನ್ನು ಅವಳೇ ಕೈಯಾರೆ ಅಳಿಸುತ್ತಿದ್ದಳು. ಯಾರೋ ಹೇಳಿಕೊಟ್ಟದ್ದಲ್ಲ ಅದು. ಮ್ಯಾನೇಜರ್ ಮುಖದಲ್ಲೂ ಆಶ್ಚರ್ಯವಿತ್ತು.

ಹಿರಿಯರು ತಲೆಯಾಡಿಸಿ ಬರೆದುಕೊಳ್ಳಲು ಶುರು ಮಾಡಿದರು. ಪೆನ್ಸಿಲ್ಲಿನ ಸದ್ದು ಕೇಳಿಸುತ್ತಿತ್ತು. ಹಾಸಿಗೆಯಿಲ್ಲದ ಕಡೆ ಅವಳು ನನ್ನ ಬದಲಿಗೆ ಇನ್ನೊಮ್ಮೆ ಬೀಳುತ್ತಿದ್ದಾಳೆ ಅನ್ನಿಸಿತು.

"ಬರೀಬೇಡಿ" ಎಂದೆ. "ಇವಳು ಸುಳ್ಳು ಹೇಳ್ತಿದ್ದಾಳೆ."

"ಅಕ್ಕ" ಎಂದಳು ರಬ್ಬರ್.

"ಸುಮ್ನಿರು. ನನ್ನ ಮುಖ ಮೆಟ್ಟಿಲ ಕಡೇನೇ ಇತ್ತು. ಈ ಮನುಷ್ಯ ಬಗ್ಗಿ, ಎರಡು ಕೈಲಿ ಹಾಸಿಗೆನ ಒಂದು ಮೊಳ ಹಿಂದಕ್ಕೆ ಎಳೆದ. ಅವಳು ಬಿದ್ದ ಮೇಲೆ ಮತ್ತೆ ಮುಂದಕ್ಕೆ ತಳ್ಳಿದ. ನಾನು ಕಣ್ಣಾರೆ ನೋಡಿದೀನಿ."

ಹಿರಿಯರು ನನ್ನನ್ನೇ ನೋಡಿ ನಿಧಾನವಾಗಿ ಕೇಳಿದರು. "ನೋಡಿದ್ರಿ. ಹಾಗಾದ್ರೆ ಯಾಕೆ ಕೂಗಲಿಲ್ಲ?"

"ಟೇಕ್ ಹಾಳಾಗುತ್ತೆ ಅಂತ."

"ಸಮಯ ಇರಲಿಲ್ಲ ಅಂತೀರಾ?"

"ಇತ್ತು. ಕ್ಲಾಪ್ ಹೊಡೆದ್ರು. ಹೊಗೆ ಬಿಟ್ರು. ಹೊಗೆ ಹರಡಲಿ ಅಂತ ಕಾದ್ರು. ಒಂದು ಸಲ ಅವಳನ್ನ ಕರೆಯೋಕೆ ಎಷ್ಟು ಹೊತ್ತು ಬೇಕು? ಮೂವತ್ತೊಂದು ವರ್ಷದಿಂದ ಆ್ಯಕ್ಷನ್‌ಗೆ ಮೊದಲು ಬಾಯಿ ಮುಚ್ಚಿ ಅಭ್ಯಾಸ. ಮುಚ್ಚಿಕೊಂಡೇ ಕೂತೆ."

ಆಮೇಲೆ ಏನೇನು ಕೇಳಿದರು, ಏನೇನು ಹೇಳಿದೆ ಎಂದು ನೆನಪಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ತಂಗಿ ನೀರಿನ ಬಾಟಲಿ ತಂದುಕೊಟ್ಟು ಪಕ್ಕದಲ್ಲಿ ಕೂತಳು.

ಏಪ್ರಿಲ್ 4, ಶುಕ್ರವಾರ

ಕಥೆಯಲ್ಲಿ ಬದಲಾವಣೆಯಾಗಿದೆಯಂತೆ. ಚಾಲಕಿಗೆ ಈಗ ಮೂವತ್ತು ವರ್ಷವಂತೆ. ನಿರ್ಮಾಪಕನಿಗೆ ಫೋನ್ ಮಾಡುವಷ್ಟೂ ಪುರುಸೊತ್ತಿಲ್ಲ, ಒಂದು ಮೆಸೇಜ್ ಕಳಿಸಿದ್ದಾನೆ.

ಸ್ಕ್ರಿಪ್ಟನ್ನು ಕಪಾಟಿಗೆ ಹಾಕಿದೆ. ಮಧ್ಯಾಹ್ನ ತೆಗೆದು ಕೊನೆಯ ದೃಶ್ಯವನ್ನು ಗಟ್ಟಿಯಾಗಿ, ಕೋಣೆಯ ಬಾಗಿಲು ಹಾಕಿಕೊಂಡು, ಪೂರ್ತಿ ಓದಿದೆ. ಆಮೇಲೆ ಕೂತು ಅತ್ತುಬಿಟ್ಟೆ. ಚೆನ್ನಾಗಿಯೇ ಮಾಡುತ್ತಿದ್ದೆ ನಾನು.

ಏಪ್ರಿಲ್ 20, ಭಾನುವಾರ

ತೀರ್ಪು ಬಂದಿದೆ. ರಬ್ಬರ್‌ಳ ಕಾರ್ಡ್ ಉಳಿಯಿತು. ಚಿಕಿತ್ಸೆ ಪೂರ್ತಿ ಕಂಪನಿಯದೇ ಹೊಣೆ. ಡ್ಯೂಪ್ ಕಲಾವಿದರು ಹತ್ತಿ ನಿಂತ ಮೇಲೆ ಅವರಿಗೆ ತಿಳಿಸದೆ ಯಾರೂ ಹಾಸಿಗೆ ಮುಟ್ಟಬಾರದೆಂದು ನಿಯಮ. ಫ್ಲೋರಿನಲ್ಲಿ ಇರುವ ಯಾರು ಬೇಕಾದರೂ ಟೇಕ್ ನಿಲ್ಲಿಸಬಹುದು, ಲೈಟಿನವನೂ ಸಹ. ಆ ಸಾಲನ್ನು ನಾನೇ ಹಟ ಹಿಡಿದು ಸೇರಿಸಿದ್ದು. ಹೆಂಗಸರ ಬದಲಿಗೆ ವಿಗ್ ಹಾಕುವುದು ಇಲ್ಲವೇ ಇಲ್ಲ, ಸದ್ಯಕ್ಕೂ ಇಲ್ಲ, ಎಂದು ಸಂಘದಿಂದ ಕಾಗದ ಕಳಿಸಿದೆವು. ಕಾರ್ಯದರ್ಶಿ ಅಚ್ಚುಕಟ್ಟಾಗಿ ಬರೆದಿದ್ದಳು. ಅವಳು ಕೆಲಸದವಳೇ.

ನನಗೆ ಒಂದೂ ಕರೆ ಇಲ್ಲ. ಹದಿನೆಂಟು ದಿನವಾಯಿತು.

ರಬ್ಬರ್‌ಳ ಮನೆಗೆ ಹೋಗಿದ್ದೆವು, ನಾನೂ ತಂಗಿಯೂ. ಊರುಗೋಲು ಹಿಡಿದು ಹಜಾರದ ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿದಳು. ಇನ್ನು ಬೀಳುವ ಹಾಗಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಹೊಸ ಹುಡುಗಿಯರಿಗೆ ಬೀಳುವುದನ್ನು ಕಲಿಸಲು ಬಾ ಎಂದೆ. ಯೋಚಿಸುತ್ತೇನೆ ಎಂದಳು.

ಕೊನೆಗೆ ಕೇಳಿಯೇಬಿಟ್ಟೆ. "ಅವತ್ತು ಯಾಕೆ ಹಾಗೆ ಸುಳ್ಳು ಹೇಳಿದೆ?"

"ನಿಮಗೆ ಆ ಪಾತ್ರ ಬೇಕಾಗಿತ್ತು."

"ನಾನು ಹಾಗಂತ ಹೇಳಿದ್ನಾ? ಒಪ್ಪಿಲ್ಲ ಅಂದಿದ್ದೆ."

"ಅಕ್ಕ, ಹತ್ತೊಂಬತ್ತು ವರ್ಷ ನಿಮ್ಮ ಬೆನ್ನು ನೋಡಿ ನಡೆಯೋದು ಕಲಿತಿದೀನಿ. ಖುಷಿಯಾದ್ರೆ ಹೇಗಿರುತ್ತೆ, ಹೆದರಿದ್ರೆ ಹೇಗಿರುತ್ತೆ, ಎಲ್ಲಾ ಗೊತ್ತು. ಅವತ್ತು ಪಾತ್ರದ ವಿಷಯ ಹೇಳಿ ಆಸ್ಪತ್ರೆಯಿಂದ ಹೊರಗೆ ಹೋಗ್ತಾ ಇದ್ರಲ್ಲ, ಆ ಬೆನ್ನು ನಾನು ಯಾವತ್ತೂ ಮಾಡಿರಲಿಲ್ಲ. ಮಾಡೋಕೂ ಆಗ್ತಿರಲಿಲ್ಲ."

ನನಗೆ ಕೋಪ ಬಂತು. "ನೀನು ಸುಮ್ಮನೆ ಏನೇನೋ ಅಂದ್ಕೊಂಡೆ. ಮೊದಲ ದಿನದಿಂದ ಕೊನೇವರೆಗೂ ನಾನು ಹೇಳಿದ್ದು ಒಂದೇ ಮಾತು. ಒಂದು ಅಕ್ಷರ ಬದಲಾಗಿಲ್ಲ" ಎಂದೆ.

ರಬ್ಬರ್ ನನ್ನ ತಂಗಿಯ ಮುಖ ನೋಡಿದಳು. ತಂಗಿ ಸರಕ್ಕನೆ ಕಿಟಕಿಯ ಕಡೆ ತಿರುಗಿದಳು. "ಹೌದಕ್ಕ" ಎಂದರು ಇಬ್ಬರೂ ಒಟ್ಟಿಗೆ.

ಇವರಿಬ್ಬರೂ ಸೇರಿ ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ. ಇರಲಿ, ಮುಚ್ಚಿಡಲಿ.